ಅರ್ಧ ಗಂಟೆಯ ಪುಸ್ತಕ ಕಾರ್ಯಕ್ರಮ: ಹೊಸ ಪುಸ್ತಕಗಳನ್ನು ಕರಾವಳಿಯ ರೇಡಿಯೊಗೆ ತರುವವರಿಗೆ ಸಮಗ್ರ ಮಾರ್ಗದರ್ಶಿ

ಮಂಗಳೂರು, ಉಡುಪಿಯಲ್ಲಿ ಪುಸ್ತಕ ಬಿಡುಗಡೆಗೆ ಬರಗಾಲವಿಲ್ಲ. ದೀಪ, ಹಾರ, ಶಾಲು, ಕೃತಿ ಪರಿಚಯ, ಲೇಖಕರ ಮಾತು, ಧನ್ಯವಾದ. ಇದೇ ಸಾಲನ್ನು ಮೈಕಿನ ಮುಂದೆ ಕೂರಿಸಿ ರೇಡಿಯೊ ಕಾರ್ಯಕ್ರಮ ಎಂದು ಕರೆಯುವುದರಿಂದಲೇ ಹೆಚ್ಚಿನ ಪುಸ್ತಕ ಕಾರ್ಯಕ್ರಮಗಳು ಸೊರಗುತ್ತವೆ. ಸಭೆಗೆ ಬರುವವರು ಲೇಖಕರ ಪರಿಚಯಸ್ಥರು. ರೇಡಿಯೊ ಕೇಳುವವರು ಬೀಡಿ ಕಟ್ಟುತ್ತಲೋ, ಕಾಯಿ ಹೆರೆಯುತ್ತಲೋ, ಅಂಗಡಿಯ ಗಲ್ಲಾದಲ್ಲಿ ಕೂತೋ ಇರುತ್ತಾರೆ. ಲೇಖಕ ಯಾರೆಂದು ಅವರಿಗೆ ಗೊತ್ತಿಲ್ಲ, ಮುಖಪುಟ ಕಾಣಿಸುವುದಿಲ್ಲ, ತಪ್ಪಿದ ಮಾತನ್ನು ಹಿಂದಕ್ಕೆ ಹೋಗಿ ಕೇಳುವಂತಿಲ್ಲ. ಅವರ ಕಿವಿಗೆ ಮೊದಲು ಪುಸ್ತಕವೇ ಬೀಳಬೇಕು. ಹೊಗಳಿಕೆ ಆಮೇಲೆ, ಅದೂ ಬೇಕೆನಿಸಿದರೆ.

ಕೆಳಗಿನ ಲೆಕ್ಕವೆಲ್ಲ ಅರ್ಧ ಗಂಟೆಯ, ಮೊದಲೇ ಧ್ವನಿಮುದ್ರಿಸಿದ ಕಾರ್ಯಕ್ರಮಕ್ಕೆ ಹಾಕಿದ್ದು. ಹದಿನೈದು ನಿಮಿಷದ ಅವಧಿ ಸಿಕ್ಕರೆ ಒಂದೇ ಪುಸ್ತಕ, ಒಂದೇ ವಾಚನ, ಒಬ್ಬರೇ ಅತಿಥಿ. ಅದಕ್ಕಿಂತ ಹೆಚ್ಚು ತುರುಕಬೇಡಿ.

ಮೊದಲು ನಿಲಯ, ಆಮೇಲೆ ಪುಸ್ತಕ

ಕಾರ್ಯಕ್ರಮ ಎಲ್ಲಿ ಪ್ರಸಾರವಾಗುತ್ತದೆ ಎಂಬುದು ನಿಕ್ಕಿಯಾಗುವ ಮೊದಲು ಲೇಖಕರಿಗೆ ಫೋನು ಮಾಡಬೇಡಿ. ಎಲ್ಲವೂ ನಿಲಯವನ್ನೇ ಅವಲಂಬಿಸಿದೆ. ಆಕಾಶವಾಣಿ ಮಂಗಳೂರು 1976ರಿಂದ ಇದೆ, ಈಗ 100.3 ಮೆಗಾಹರ್ಟ್ಸ್ ಎಫ್‌ಎಂನಲ್ಲಿ ಸಿಗುತ್ತದೆ, ಎರಡೂ ಜಿಲ್ಲೆಯಲ್ಲಿ ದೊಡ್ಡ ಕೇಳುಗ ಬಳಗವಿದೆ. ಅಲ್ಲಿ ಭಾಷಣ, ಸಂದರ್ಶನಗಳ ಪಟ್ಟಿ ಸಾಮಾನ್ಯವಾಗಿ ತ್ರೈಮಾಸಿಕವಾಗಿ ಸಿದ್ಧವಾಗುವುದರಿಂದ ನವೆಂಬರಿನ ಪುಸ್ತಕಕ್ಕೆ ಅಕ್ಟೋಬರ್ ಕೊನೆಯಲ್ಲಿ ಪತ್ರ ಹಾಕಿದರೆ ತಡವಾಯಿತೆಂದೇ ಲೆಕ್ಕ. ಒಂದು ಪುಟದ ಪತ್ರ ಸಾಕು: ಯಾವ ಪುಸ್ತಕ, ಲೇಖಕರು ಯಾರು, ಚರ್ಚೆಗೆ ಯಾರು, ಎಷ್ಟು ನಿಮಿಷ, ಈ ಪುಸ್ತಕ ಯಾಕೆ. ಪುಸ್ತಕದ ಒಂದು ಪ್ರತಿಯನ್ನೂ ಜೊತೆಗಿಡಿ.

ಸಮುದಾಯ ಬಾನುಲಿಯ (ಕಮ್ಯೂನಿಟಿ ರೇಡಿಯೊ) ದಾರಿ ಬೇರೆ. ಮಂಗಳೂರಿನ ಸಂತ ಅಲೋಶಿಯಸ್ ಸಂಸ್ಥೆಯ ರೇಡಿಯೊ ಸಾರಂಗ್ 107.8ರಲ್ಲಿದೆ, ರೇಡಿಯೊ ಮಣಿಪಾಲ್ 90.4ರಲ್ಲಿ. ಇಂಥ ನಿಲಯಗಳ ಪ್ರಸಾರ ಶಕ್ತಿಗೆ ಸಾಮಾನ್ಯವಾಗಿ 100 ವಾಟ್‌ನ ಮಿತಿ ಇರುವುದರಿಂದ ವ್ಯಾಪ್ತಿ 10ರಿಂದ 15 ಕಿಲೋಮೀಟರ್ ದಾಟುವುದು ಕಷ್ಟ. ಆದರೆ ಕಾರ್ಯಕ್ರಮಗಳಲ್ಲಿ ಕನಿಷ್ಠ ಅರ್ಧದಷ್ಟಾದರೂ ಸ್ಥಳೀಯರ ಪಾಲುಗೊಳ್ಳುವಿಕೆಯಿಂದಲೇ ಆಗಬೇಕೆಂಬ ನಿಯಮ ನಿಮ್ಮ ಪರವಾಗಿದೆ: ಊರಿನ ಲೇಖಕ, ಊರಿನ ಓದುಗ, ಊರಿನ ಗ್ರಂಥಪಾಲಕಿ, ಇವರೇ ಅವರಿಗೆ ಬೇಕಾದವರು. ಆಕಾಶವಾಣಿಯ ಪ್ರಸಾರ ಸಂಹಿತೆ ಇಲ್ಲಿಗೂ ಅನ್ವಯಿಸುತ್ತದೆ. ಮತಧರ್ಮ, ಸಮುದಾಯಗಳ ಮೇಲಿನ ದಾಳಿ, ಮಾನಹಾನಿಯ ಮಾತು, ನ್ಯಾಯಾಂಗ ನಿಂದನೆ, ಅಶ್ಲೀಲ ಇವು ಸಲ್ಲ. ಆತ್ಮಕಥನಗಳ ಬಗ್ಗೆ ಮಾತಾಡುವಾಗ ಮಾನಹಾನಿಯ ಅಂಶ ಗಮನದಲ್ಲಿರಲಿ. ಪುಸ್ತಕದಲ್ಲಿ ಅಚ್ಚಾಗಿದೆ ಎಂಬ ಕಾರಣಕ್ಕೆ ಅದನ್ನು ಬಾನುಲಿಯಲ್ಲಿ ಹೇಳಿದವರ ಹೊಣೆ ತಪ್ಪುವುದಿಲ್ಲ.

ನಿಲಯದವರಲ್ಲಿ ಕೇಳಿ ಬರೆದಿಟ್ಟುಕೊಳ್ಳಬೇಕಾದ್ದು: ಅವಧಿ ಸೆಕೆಂಡಿನ ಲೆಕ್ಕದಲ್ಲಿ ಎಷ್ಟು, ಕಡತ ಯಾವ ರೂಪದಲ್ಲಿ ಬೇಕು, ಪ್ರಸಾರಕ್ಕೆ ಎಷ್ಟು ದಿನ ಮೊದಲು ಕೊಡಬೇಕು, ಪುಸ್ತಕದ ಬೆಲೆ ಮತ್ತು ಪ್ರಕಾಶಕರ ಫೋನು ಸಂಖ್ಯೆ ಹೇಳಬಹುದೇ. ಕೊನೆಯದನ್ನು ಕೆಲವು ಕಡೆ ಜಾಹೀರಾತು ಎಂದು ಪರಿಗಣಿಸುತ್ತಾರೆ. ಮೊದಲೇ ಕೇಳದಿದ್ದರೆ ಕೊನೆಯ ಗಳಿಗೆಯಲ್ಲಿ ಕತ್ತರಿ ಬಿದ್ದು ಅವಧಿ ಏರುಪೇರಾಗುತ್ತದೆ.

ಪುಸ್ತಕ ಆರಿಸುವುದು

ರಾಜ್ಯೋತ್ಸವದ ಸುತ್ತಮುತ್ತ ಪುಸ್ತಕಗಳ ರಾಶಿ ಬೀಳುತ್ತದೆ, ಮಳೆಗಾಲದಲ್ಲಿ ತೆಳುವಾಗುತ್ತದೆ. ತಿಂಗಳಿಗೊಂದು ಕಂತು ಮಾಡುವವರು ನವೆಂಬರ್, ಡಿಸೆಂಬರಿನಲ್ಲಿ ಬಂದದ್ದನ್ನೆಲ್ಲ ಆಗಲೇ ಮುಗಿಸದೆ ಎರಡು ಮೂರು ಪುಸ್ತಕಗಳನ್ನು ಜೂನ್, ಜುಲೈಗೆ ಎತ್ತಿಟ್ಟುಕೊಳ್ಳಬೇಕು. ಬಂದು ಆರು ತಿಂಗಳಾದ ಪುಸ್ತಕ ಕೇಳುಗರ ಮಟ್ಟಿಗೆ ಹೊಸದೇ.

ಆಯ್ಕೆಗೆ ಒಂದೇ ಪರೀಕ್ಷೆ: ಪುಸ್ತಕದ ಯಾವುದಾದರೂ ಒಂದು ಪುಟವನ್ನು ಗಟ್ಟಿಯಾಗಿ ಓದಿದಾಗ, ಹಿಂದುಮುಂದು ಗೊತ್ತಿಲ್ಲದವರೂ ಕಿವಿಗೊಡುತ್ತಾರೆಯೇ? ಕಾದಂಬರಿ, ಪ್ರಬಂಧ, ಆತ್ಮಕಥನಗಳಲ್ಲಿ ಅಂಥ ಪುಟ ಸುಲಭವಾಗಿ ಸಿಗುತ್ತದೆ. ಸಂಶೋಧನಾ ಕೃತಿಯಲ್ಲಿ ಹುಡುಕಬೇಕು, ಆದರೆ ಸಿಗುತ್ತದೆ: ಒಂದು ಶಾಸನದ ಕಥೆ, ಒಂದು ಪಾಡ್ದನದ (ತುಳು ಕಥನಗೀತೆ) ತುಣುಕು, ಕ್ಷೇತ್ರಕಾರ್ಯದಲ್ಲಿ ಕೇಳಿದ ಒಂದು ಮಾತು. ಅಭಿನಂದನ ಗ್ರಂಥಗಳನ್ನು ಬಿಟ್ಟುಬಿಡಿ. ಮೂವತ್ತು ಜನ ಒಬ್ಬರನ್ನೇ ಹೊಗಳಿ ಬರೆದದ್ದನ್ನು ಮೂವತ್ತೊಂದನೆಯವರು ರೇಡಿಯೊದಲ್ಲಿ ಹೊಗಳಿದರೆ ಯಾರಿಗೂ ಉಪಯೋಗವಿಲ್ಲ.

ತುಳು, ಕೊಂಕಣಿ, ಬ್ಯಾರಿ ಪುಸ್ತಕಗಳನ್ನು ಮರೆಯಬೇಡಿ. ಮೂರಕ್ಕೂ ಸಾಹಿತ್ಯ ಅಕಾಡೆಮಿಗಳು ಮಂಗಳೂರಿನಲ್ಲೇ ಇವೆ, ಇಲ್ಲಿನ ಬಹುಪಾಲು ಪುಸ್ತಕ ಕನ್ನಡ ಲಿಪಿಯಲ್ಲೇ ಬರುತ್ತದೆ. ಕನ್ನಡ ಕಾರ್ಯಕ್ರಮದಲ್ಲಿ ಅಂಥ ಪುಸ್ತಕ ತರುವಾಗ ಮೂಲದ ಸಾಲುಗಳನ್ನು 30ರಿಂದ 40 ಸೆಕೆಂಡು ಓದಿಸಿ, ಆಮೇಲೆ ಕನ್ನಡದಲ್ಲಿ ಸಾರ ಹೇಳಿ. ಸಾಲು ಸಾಲಿಗೆ ಅನುವಾದ ಹೇಳುತ್ತ ಹೋದರೆ ಎರಡೂ ಕೆಡುತ್ತದೆ. ಕುಂದಾಪ್ರ ಕನ್ನಡದ ಬರಹಕ್ಕೆ ಸಾರವೂ ಬೇಡ, ಆ ಕಡೆಯವರಿಂದಲೇ ಓದಿಸಿ. ಬೇರೆಯವರು ಅನುಕರಿಸಿದರೆ ಕೇಳುವವರಿಗೆ ಅಣಕದಂತೆ ಇರುತ್ತದೆ.

ಇನ್ನೊಂದು ಮಾತು. ಈ ಎರಡು ಜಿಲ್ಲೆಯಲ್ಲಿ ಬರೆಯುವವರು, ವಿಮರ್ಶಿಸುವವರು, ಪ್ರಕಟಿಸುವವರು ಒಬ್ಬರಿಗೊಬ್ಬರು ಗುರು, ಶಿಷ್ಯ, ಸಹೋದ್ಯೋಗಿ ಅಥವಾ ನೆಂಟರು. ಇದನ್ನು ತಪ್ಪಿಸಲಾಗದು, ಹೇಳಿಬಿಡಬಹುದು. “ಇವರು ನನಗೆ ಕಾಲೇಜಿನಲ್ಲಿ ಪಾಠ ಮಾಡಿದವರು” ಎಂದು ವಿಮರ್ಶಕರು ಮೊದಲ ವಾಕ್ಯದಲ್ಲೇ ಹೇಳಲಿ. ಆಮೇಲೆ ಅವರು ಹೊಗಳಿದರೂ ತೆಗಳಿದರೂ ಕೇಳುಗರು ತೂಗಿ ನೋಡಿಕೊಳ್ಳುತ್ತಾರೆ. ಮುನ್ನುಡಿ ಬರೆದವರನ್ನು ಮಾತ್ರ ವಿಮರ್ಶೆಗೆ ಕರೆಯಬೇಡಿ. ಅವರು ಹೇಳಬೇಕಾದ್ದನ್ನು ಪುಸ್ತಕದೊಳಗೇ ಹೇಳಿಯಾಗಿದೆ.

ಓದು, ಗುರುತು, ಉಚ್ಚಾರದ ಚೀಟಿ

ನಿರೂಪಕರು ಪುಸ್ತಕವನ್ನು ಪೂರ್ತಿ ಓದಲೇಬೇಕು. ಮುನ್ನುಡಿ, ಬೆನ್ನುಡಿ ಓದಿ ಕೂತವರು ಹತ್ತು ನಿಮಿಷದಲ್ಲಿ ಸಿಕ್ಕಿಬೀಳುತ್ತಾರೆ. ಲೇಖಕರಿಗೆ ಮೂರನೇ ಪ್ರಶ್ನೆಗೇ ಗೊತ್ತಾಗುತ್ತದೆ, ಅಲ್ಲಿಂದ ಅವರ ಉತ್ತರ ಚುಟುಕಾಗುತ್ತದೆ. 200 ಪುಟದ ಪುಸ್ತಕಕ್ಕೆ ಎರಡು ಓದು ಬೇಕು. ಮೊದಲನೆಯದು ಸುಮ್ಮನೆ ಓದುಗರಾಗಿ. ಎರಡನೆಯದು ಪೆನ್ಸಿಲ್ ಹಿಡಿದು: ಗಟ್ಟಿಯಾಗಿ ಓದಬಹುದಾದ ಭಾಗಕ್ಕೆ ಒಂದು ಗುರುತು, ಅರ್ಥವಾಗದ್ದಕ್ಕೆ ಅಥವಾ ಒಪ್ಪಲಾಗದ್ದಕ್ಕೆ ಇನ್ನೊಂದು. ಒಳ್ಳೆಯ ಪ್ರಶ್ನೆಗಳು ಹುಟ್ಟುವುದು ಎರಡನೇ ಬಗೆಯ ಗುರುತುಗಳಿಂದ.

ಹೆಸರುಗಳಿಗೆ ಪ್ರತ್ಯೇಕ ಚೀಟಿ ಮಾಡಿ. ಊರಿನ ಹೆಸರು, ದೈವಗಳ ಹೆಸರು, ಕ್ರೈಸ್ತ ಮತ್ತು ಬ್ಯಾರಿ ಮನೆಹೆಸರುಗಳನ್ನು ಬರೆದಂತೆ ಓದಿದರೆ ಎಷ್ಟೋ ಸಲ ತಪ್ಪಾಗುತ್ತದೆ. ತುಳು ಹೆಸರುಗಳ ಕೊನೆಯ ಅರೆಸ್ವರವನ್ನು (ಪೂರ್ತಿ ‘ಉ’ ಆಗದ ಸ್ವರ) ಕನ್ನಡ ಲಿಪಿ ಸರಿಯಾಗಿ ತೋರಿಸುವುದಿಲ್ಲ. ಲೇಖಕರಿಗೆ ಫೋನು ಮಾಡಿ ಒಂದೊಂದನ್ನೂ ಹೇಳಿಸಿಕೊಳ್ಳಿ, ಅನುಮತಿ ಕೇಳಿ ಆ ಕರೆಯನ್ನು ಮುದ್ರಿಸಿಕೊಂಡರೂ ಸರಿ. ಅದೇ ಕರೆಯಲ್ಲಿ ಪುಸ್ತಕದ ಬಗ್ಗೆ ಮಾತಿಗಿಳಿಯಬೇಡಿ. ಮುಖ್ಯ ಪ್ರಶ್ನೆಯನ್ನು ಫೋನಿನಲ್ಲೇ ಕೇಳಿಬಿಟ್ಟರೆ ಧ್ವನಿಮುದ್ರಣದ ದಿನ “ಮೊನ್ನೆ ಹೇಳಿದೆನಲ್ಲ, ಹಾಗೆ...” ಎಂದು ಶುರುವಾಗುವ ತಂಗಳು ಉತ್ತರ ಸಿಗುತ್ತದೆ.

ಹಕ್ಕುಸ್ವಾಮ್ಯ

ಹತ್ತು ಶೇಕಡಾ ಓದಿದರೆ ಅನುಮತಿ ಬೇಡ ಎಂಬ ಮಾತು ಎಲ್ಲೆಲ್ಲೂ ಓಡಾಡುತ್ತಿದೆ. ಕಾನೂನಿನಲ್ಲಿ ಅಂಥ ಶೇಕಡಾವಾರು ಇಲ್ಲ. 1957ರ ಹಕ್ಕುಸ್ವಾಮ್ಯ ಕಾಯ್ದೆಯ 52ನೇ ಕಲಮು ವಿಮರ್ಶೆಗಾಗಿ ನ್ಯಾಯಯುತ ಬಳಕೆಗೆ ಅವಕಾಶ ಕೊಡುತ್ತದೆ, ಎಷ್ಟು ಪದ ಎಂದು ಹೇಳುವುದಿಲ್ಲ. ಚರ್ಚೆಯ ನಡುವೆ ಕಾದಂಬರಿಯ ಒಂದೆರಡು ನಿಮಿಷದ ಭಾಗ ಓದಿ ಅದರ ಬಗ್ಗೆ ಮಾತಾಡುವುದಕ್ಕೆ ತೊಂದರೆ ಬರುವ ಸಂಭವ ಕಡಿಮೆ. ಹನ್ನೆರಡು ಸಾಲಿನ ಕವಿತೆಯನ್ನು ಪೂರ್ತಿ ಓದುವುದು, ಸಣ್ಣಕತೆಯನ್ನು ಇಡಿಯಾಗಿ ಓದುವುದು, ಕಂತುಗಳಲ್ಲಿ ವಾಚನ ಮಾಡುವುದು ಬೇರೆ ವಿಷಯ. ಇದಕ್ಕೆ ಬರಹದ ಅನುಮತಿ ಬೇಕು. ಎರಡು ಸಾಲಿನ ಪತ್ರ ಸಾಕು, ಆದರೆ ಯಾರಿಂದ ಎಂಬುದನ್ನು ಮುದ್ರಣ ವಿವರದ ಪುಟದಲ್ಲಿ ನೋಡಿ: ಹಕ್ಕು ಲೇಖಕರದ್ದೋ ಪ್ರಕಾಶಕರದ್ದೋ ಎಂದು ಅಲ್ಲಿ ಅಚ್ಚಾಗಿರುತ್ತದೆ.

ಹಳೆಯ ಕೃತಿಗಳ ಹೊಸ ಆವೃತ್ತಿ ಬಂದಾಗ ಲೆಕ್ಕ ಹೀಗೆ: ಲೇಖಕರು ತೀರಿಕೊಂಡ ವರ್ಷದ ಮರುವರ್ಷದಿಂದ 60 ವರ್ಷ. ಮುದ್ದಣ, ಪಂಜೆ ಮಂಗೇಶರಾಯರ ಬರಹ ಎಂದೋ ಮುಕ್ತವಾಗಿದೆ. 1963ರಲ್ಲಿ ತೀರಿಕೊಂಡ ಗೋವಿಂದ ಪೈಗಳ ಅವಧಿ 2023ರ ಕೊನೆಗೆ ಮುಗಿಯಿತು. 1997ರಲ್ಲಿ ತೀರಿಕೊಂಡ ಶಿವರಾಮ ಕಾರಂತರದ್ದು 2057ರ ಕೊನೆಯವರೆಗೂ ಇದೆ. ಮೂಲ ಮುಕ್ತವಾಗಿದ್ದರೂ ಹೊಸ ಅನುವಾದದ ಹಕ್ಕು ಅನುವಾದಕರದ್ದೇ.

ಅತಿಥಿಗಳಿಂದ ಒಂದು ಒಪ್ಪಿಗೆ ಪತ್ರಕ್ಕೂ ಸಹಿ ಹಾಕಿಸಿಕೊಳ್ಳಿ: ಪ್ರಸಾರ, ಮರುಪ್ರಸಾರ, ಪಾಡ್‌ಕಾಸ್ಟ್, ಸಂಗ್ರಹ, ನಾಲ್ಕಕ್ಕೂ. ಧ್ವನಿಮುದ್ರಣ ಮುಗಿದ ಕೂಡಲೇ, ಅವರು ಚಪ್ಪಲಿ ಹಾಕುವ ಮೊದಲು. ಆಮೇಲೆ ಅಂದರೆ ಆಗುವುದೇ ಇಲ್ಲ. ಆರಂಭದ ಸಂಗೀತಕ್ಕೆ ಸಿನಿಮಾ ಹಾಡಿನ ತುಣುಕು ಬೇಡವೇ ಬೇಡ. ಊರಿನ ಕೊಳಲು ಅಥವಾ ಹಾರ್ಮೋನಿಯಂ ಕಲಾವಿದರಿಂದ 20 ಸೆಕೆಂಡಿನ ಸ್ವಂತ ರಾಗದ ತುಣುಕೊಂದನ್ನು ನುಡಿಸಿ, ಸಂಭಾವನೆ ಕೊಟ್ಟು, ಬರಹದಲ್ಲಿ ಹಕ್ಕು ಪಡೆಯಿರಿ. ವರ್ಷಗಟ್ಟಲೆ ಬಳಸಬಹುದು.

ನಿಮಿಷದ ಲೆಕ್ಕ

ಅರ್ಧ ಗಂಟೆ ಎಂದರೆ ಕೈಗೆ ಸಿಗುವುದು ಸುಮಾರು 28 ನಿಮಿಷ 30 ಸೆಕೆಂಡು. ಉಳಿದದ್ದು ನಿಲಯದ ಉದ್ಘೋಷಣೆಗೆ. ಹಂಚಿಕೆ ಹೀಗಿರಲಿ. ಆರಂಭದ ಸಂಗೀತ 20 ಸೆಕೆಂಡು. ಕೂಡಲೇ, ಯಾವ ನಮಸ್ಕಾರವೂ ಇಲ್ಲದೆ, ಪುಸ್ತಕದಿಂದ ಒಂದು ನಿಮಿಷದ ವಾಚನ. ಆಮೇಲೆ 45 ಸೆಕೆಂಡು ಪರಿಚಯ: ನೀವು ಈಗ ಕೇಳಿದ್ದು ಇಂಥ ಪುಸ್ತಕದಿಂದ, ಬರೆದವರು ಇಂಥವರು, ಅವರು ಇಲ್ಲಿದ್ದಾರೆ. ಮೊದಲ ಮಾತುಕತೆ 9 ನಿಮಿಷ. ಎರಡನೇ ವಾಚನ 2 ನಿಮಿಷ. ಎರಡನೇ ಮಾತುಕತೆ 8 ನಿಮಿಷ. ಬೇರೊಬ್ಬ ಓದುಗರ ಅಭಿಪ್ರಾಯ 4 ನಿಮಿಷ. ಈ ತಿಂಗಳ ಇತರ ಹೊಸ ಪುಸ್ತಕಗಳು 2 ನಿಮಿಷ. ಮುಕ್ತಾಯ 45 ಸೆಕೆಂಡು. ಕೂಡಿದರೆ 27 ನಿಮಿಷ 50 ಸೆಕೆಂಡು. ಉಳಿದ 40 ಸೆಕೆಂಡು ಹೆಚ್ಚುಕಮ್ಮಿಗೆ ಇಟ್ಟದ್ದು, ಅದನ್ನು ಮೊದಲೇ ತುಂಬಿಸಬೇಡಿ.

ವಾಚನದಿಂದಲೇ ಶುರು ಮಾಡುವುದಕ್ಕೆ ಕಾರಣವಿದೆ. ಲೇಖಕರ ಹುಟ್ಟೂರು, ಓದು, ಉದ್ಯೋಗ, ಪ್ರಶಸ್ತಿ ಪಟ್ಟಿಯಿಂದ ಆರಂಭಿಸಿದರೆ ಕೇಳುಗರು ಮೂರನೇ ಪ್ರಶಸ್ತಿಗೆ ಬೇರೆ ನಿಲಯ ತಿರುಗಿಸುತ್ತಾರೆ. ಪ್ರಶಸ್ತಿಗಳಲ್ಲಿ ಒಂದನ್ನು ಹೇಳಿ, ಅದೂ ಈ ಪುಸ್ತಕಕ್ಕೆ ಸಂಬಂಧಿಸಿದ್ದರೆ.

ಸಾಮಾನ್ಯ ವೇಗದ ಓದಿನಲ್ಲಿ ನಿಮಿಷಕ್ಕೆ ಸುಮಾರು 90ರಿಂದ 110 ಕನ್ನಡ ಪದ ಹೋಗುತ್ತದೆ. ಎರಡು ನಿಮಿಷದ ವಾಚನ ಎಂದರೆ ಡೆಮಿ ಅಳತೆಯ (ಸಾಮಾನ್ಯ ಕನ್ನಡ ಪುಸ್ತಕದ ಅಳತೆ) ಒಂದು ಪುಟಕ್ಕಿಂತ ತುಸು ಕಡಿಮೆ. ಸಮಾಸಗಳು ಹೆಚ್ಚಿರುವ ಗದ್ಯ ಇನ್ನೂ ನಿಧಾನ. ಅಂದಾಜಿಗೆ ನಿಲ್ಲದೆ ಗಡಿಯಾರ ಇಟ್ಟು ಒಮ್ಮೆ ಗಟ್ಟಿಯಾಗಿ ಓದಿ ನೋಡಿ.

ಸ್ಕ್ರಿಪ್ಟಿನಲ್ಲಿ ಸಂಖ್ಯೆಗಳನ್ನು ಅಕ್ಷರದಲ್ಲಿ ಬರೆಯಿರಿ. ‘1843ರಲ್ಲಿ’ ಎಂದಿದ್ದರೆ ಓದುವವರು ತಡವರಿಸುತ್ತಾರೆ, ‘ಸಾವಿರದ ಎಂಟುನೂರ ನಲವತ್ತಮೂರರಲ್ಲಿ’ ಎಂದಿದ್ದರೆ ಇಲ್ಲ. 16 ಪಾಯಿಂಟ್ ಅಕ್ಷರ, ಸಾಲುಗಳ ನಡುವೆ ಒಂದೂವರೆ ಅಂತರ, ಹಾಳೆಯ ಒಂದೇ ಬದಿ. ವಾಕ್ಯ ಒಂದು ಹಾಳೆಯಿಂದ ಇನ್ನೊಂದಕ್ಕೆ ಹರಿಯಬಾರದು. ಹಾಳೆಗಳಿಗೆ ಪಿನ್ ಹೊಡೆಯಬೇಡಿ, ಬಿಡಿಬಿಡಿಯಾಗಿಟ್ಟು ಸದ್ದಿಲ್ಲದೆ ಬದಿಗೆ ಸರಿಸುವುದು ಸುಲಭ. ಪುಸ್ತಕದಿಂದಲೇ ನೇರ ಓದಿಸಬೇಡಿ: ತಲೆ ತಗ್ಗುತ್ತದೆ, ಧ್ವನಿ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ, ಪುಟ ತಿರುವುವ ಸದ್ದು ಬರುತ್ತದೆ. ವಾಚನದ ಭಾಗವನ್ನು ದೊಡ್ಡಕ್ಷರದಲ್ಲಿ ಮುದ್ರಿಸಿ ಕೊಡಿ.

ಪ್ರಶ್ನೆಗಳು

“ಈ ಕೃತಿಗೆ ಪ್ರೇರಣೆ ಏನು?” ಎಂದು ಕೇಳಿದರೆ ಬಿಡುಗಡೆಯ ದಿನ ಹೇಳಿದ್ದೇ ಮತ್ತೆ ಬರುತ್ತದೆ. “ನಿಮ್ಮ ಬರವಣಿಗೆಯ ಪಯಣ ಹೇಳಿ” ಎಂದರೆ ಪ್ರಾಥಮಿಕ ಶಾಲೆಯ ಮೇಷ್ಟ್ರಿಂದ ಶುರುವಾಗಿ ಏಳು ನಿಮಿಷ ಹೋಗುತ್ತದೆ. ಪ್ರಶ್ನೆ ಪುಟದಿಂದ ಏಳಬೇಕು. “ಅಜ್ಜಿ ಸತ್ತ ಅಧ್ಯಾಯದಲ್ಲಿ ಯಾರೂ ಅಳುವುದಿಲ್ಲ, ಎಲ್ಲರೂ ತೋಟದ ಪಾಲಿನ ಮಾತೇ ಆಡುತ್ತಾರೆ. ಹಾಗೆ ಬರೆಯುವಾಗ ಏನು ಮನಸ್ಸಿನಲ್ಲಿತ್ತು?” ಇಂಥ ಪ್ರಶ್ನೆಯಲ್ಲಿ ಕೇಳುಗರಿಗೂ ಪುಸ್ತಕದ ಒಂದು ದೃಶ್ಯ ಸಿಕ್ಕಿತು, ಲೇಖಕರಿಗೂ ಹೊಸದಾಗಿ ಯೋಚಿಸಬೇಕಾಯಿತು.

ಒಂದು ಉಸಿರಿನಲ್ಲಿ ಒಂದೇ ಪ್ರಶ್ನೆ. ಎರಡು ಪ್ರಶ್ನೆ ಕಟ್ಟಿದರೆ ಅತಿಥಿಗಳು ಸುಲಭದ್ದನ್ನು ಉತ್ತರಿಸಿ ಕಷ್ಟದ್ದನ್ನು ಬಿಡುತ್ತಾರೆ. ಹನ್ನೆರಡು ಪ್ರಶ್ನೆ ಬರೆದಿಟ್ಟುಕೊಳ್ಳಿ, ಏಳೆಂಟು ಸಾಕಾಗುತ್ತದೆ. ಪಟ್ಟಿಯ ಕ್ರಮಕ್ಕೆ ಅಂಟಿಕೊಂಡವರು ಉತ್ತರ ಕೇಳಿಸಿಕೊಳ್ಳುವುದಿಲ್ಲ. ಅತಿಥಿಗಳು “ಆ ಭಾಗವನ್ನು ನಾನು ಮೂರು ಸಲ ಹರಿದು ಹಾಕಿದೆ” ಎಂದಾಗ “ಹೌದಾ, ಸರಿ, ಇನ್ನು ನಿಮ್ಮ ಭಾಷೆಯ ಬಗ್ಗೆ...” ಎಂದು ಮುಂದೆ ಹೋಗುವುದು ಈ ಕೆಲಸದಲ್ಲಿ ಅತಿ ಸಾಮಾನ್ಯವಾದ ನಷ್ಟ.

ಒಪ್ಪದ ವಿಷಯವನ್ನು ಕೇಳಲೇಬೇಕು, ಆದರೆ ಹದಿನೈದನೇ ನಿಮಿಷದ ನಂತರ. “ಕೊನೆಯ ಐವತ್ತು ಪುಟ ಅವಸರದಲ್ಲಿ ಮುಗಿದಂತೆ ಅನ್ನಿಸಿತು. ನಿಮಗೂ ಹಾಗೆ ಅನ್ನಿಸಿತ್ತಾ, ಸಾರ್?” ಎಂದು ನೇರವಾಗಿ, ಮರ್ಯಾದೆಯಿಂದ ಕೇಳಿದರೆ ಬೇಸರ ಮಾಡಿಕೊಳ್ಳುವವರು ಕಡಿಮೆ. “ಕೆಲವು ವಿಮರ್ಶಕರ ಅಭಿಪ್ರಾಯವೇನೆಂದರೆ” ಎಂದು ಬೇರೆಯವರ ಬೆನ್ನ ಹಿಂದೆ ಅಡಗಿದರೆ ಅತಿಥಿಗಳು “ಯಾರು ಹಾಗೆ ಹೇಳಿದ್ದು?” ಎಂದು ಕೇಳುತ್ತಾರೆ, ಮಾತು ದಾರಿ ತಪ್ಪುತ್ತದೆ. ಕತೆಯ ಅಂತ್ಯವನ್ನು ಮಾತ್ರ ಯಾರೂ ಹೊರಗೆಡವಬಾರದು. ವಿಮರ್ಶಕರಿಗೂ ಇದನ್ನು ಮೊದಲೇ ಹೇಳಿಡಿ, ಅವರೇ ಹೆಚ್ಚು ಹೇಳಿಬಿಡುವವರು.

ಕೋಣೆ ಮತ್ತು ಮೈಕು

ನಿಲಯದ ಸ್ಟುಡಿಯೊ ಸಿಕ್ಕರೆ ಈ ಭಾಗ ಬಿಟ್ಟು ಮುಂದೆ ಹೋಗಬಹುದು. ಸಿಗದಿದ್ದರೆ ಮನೆಯಲ್ಲೋ ಗ್ರಂಥಾಲಯದಲ್ಲೋ ಕೋಣೆ ಹುಡುಕಬೇಕು. ಕರಾವಳಿಯಲ್ಲಿ ಅದಕ್ಕೆ ಮೂರು ಶತ್ರು: ಮಳೆ, ಫ್ಯಾನು, ಬಸ್ಸಿನ ಹಾರನ್.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹಂಚಿನ ಅಥವಾ ಶೀಟಿನ ಮಾಡಿನ ಕೆಳಗೆ ಕೂರಲೇಬೇಡಿ. ಮಳೆಯ ಸದ್ದನ್ನು ಯಾವ ಸಾಫ್ಟ್‌ವೇರೂ ಪೂರ್ತಿ ತೆಗೆಯುವುದಿಲ್ಲ, ಏಕೆಂದರೆ ಅದು ಮಾತಿನ ಸದ್ದು ಹರಡಿರುವ ಎಲ್ಲ ಆವರ್ತನದಲ್ಲೂ ಹರಡಿರುತ್ತದೆ. ತಾರಸಿ ಮನೆಯಾದರೆ ಮೇಲಿನ ಮಹಡಿ ಬಿಟ್ಟು ಕೆಳಗಿನ ಒಳಕೋಣೆ. ರಾಷ್ಟ್ರೀಯ ಹೆದ್ದಾರಿ 66ಕ್ಕೆ ಕಿಟಕಿ ತೆರೆದಿರುವ ಕೋಣೆಯೂ ಬೇಡ. ಎಕ್ಸ್‌ಪ್ರೆಸ್ ಬಸ್ಸಿನ ಹಾರನ್ ಮಾತಿನ ನಡುವೆ ಬಿದ್ದರೆ ಆ ವಾಕ್ಯ ಹೋಯಿತು. ಕಪಾಟು ತುಂಬ ಪುಸ್ತಕವಿರುವ, ಮಂಚದ ಮೇಲೆ ಹಾಸಿಗೆ ಇರುವ 10×10 ಅಡಿಯ ಕೋಣೆ ಉತ್ತಮ. ಬರಿಯ ಗೋಡೆ, ಗ್ರಾನೈಟ್ ನೆಲ ಇದ್ದರೆ ಮಾತು ಡಬ್ಬದೊಳಗಿಂದ ಬಂದಂತೆ ಕೇಳುತ್ತದೆ. ನೆಲಕ್ಕೆ ಜಮಖಾನ, ಮಾತಾಡುವವರ ಬೆನ್ನ ಹಿಂದೆ ದಪ್ಪ ಕಂಬಳಿ ತೂಗುಹಾಕಿ.

ಫ್ಯಾನು ಬಂದ್ ಮಾಡಬೇಕು. ಏಪ್ರಿಲ್, ಮೇ ತಿಂಗಳಲ್ಲಿ ಇದು ಶಿಕ್ಷೆಯೇ, ಆದ್ದರಿಂದ ಬೆಳಗ್ಗೆ ಏಳರಿಂದ ಒಂಬತ್ತರ ಒಳಗೆ, 15 ನಿಮಿಷಕ್ಕೊಮ್ಮೆ ನಿಲ್ಲಿಸಿ ಫ್ಯಾನು ಹಾಕಿಕೊಂಡು ಮುಂದುವರಿಸಿ. ಫ್ರಿಜ್ಜಿನ ಪ್ಲಗ್ ಕೀಳಿ, ಮತ್ತೆ ಹಾಕಲು ನೆನಪಾಗುವಂತೆ ನಿಮ್ಮ ಗಾಡಿಯ ಕೀಲಿ ಫ್ರಿಜ್ಜಿನೊಳಗಿಡಿ. ಇನ್ವರ್ಟರ್ ಓಡುತ್ತಿರುವಾಗ ಮುದ್ರಿಸಬೇಡಿ; ಅಗ್ಗದ ಇನ್ವರ್ಟರುಗಳ ಅಲೆ ಶುದ್ಧವಲ್ಲ, ‘ಗುಂಯ್’ ಸದ್ದು ಸೇರುತ್ತದೆ. ಲ್ಯಾಪ್‌ಟಾಪನ್ನು ಚಾರ್ಜರ್ ತೆಗೆದು ಬ್ಯಾಟರಿಯಲ್ಲೇ ಓಡಿಸಿ, ಗುಂಯ್‌ಗುಡುವಿಕೆಯ ಅರ್ಧ ಭಾಗ ಅಲ್ಲೇ ಹೋಗುತ್ತದೆ. ಎಲ್ಲರ ಮೊಬೈಲು ಏರೋಪ್ಲೇನ್ ಮೋಡಿನಲ್ಲಿ, ಸಾಧ್ಯವಾದರೆ ಬೇರೆ ಕೋಣೆಯಲ್ಲಿ.

ಮೈಕಿನ ವಿಷಯದಲ್ಲಿ ದುಬಾರಿಯದ್ದೇ ಒಳ್ಳೆಯದೆಂದಿಲ್ಲ. ಸರಿಯಾದ ಸ್ಟುಡಿಯೊ ಇಲ್ಲದವರಿಗೆ ವೇದಿಕೆಗಳಲ್ಲಿ ಕೈಯಲ್ಲಿ ಹಿಡಿಯುವ ಬಗೆಯ ಡೈನಮಿಕ್ ಮೈಕೇ ವಾಸಿ. ಕಂಡೆನ್ಸರ್ ಮೈಕು ಸೂಕ್ಷ್ಮ, ಪಕ್ಕದ ಮನೆಯ ಕುಕ್ಕರ್ ಸೀಟಿಯನ್ನೂ ಹಿಡಿಯುತ್ತದೆ. ಅದರ ಮೇಲೆ ನಮ್ಮ ತೇವ ಬೇರೆ: ಮಳೆಗಾಲದಲ್ಲಿ ಕಂಡೆನ್ಸರಿನೊಳಗೆ ತೇವ ಸೇರಿದರೆ ಚಿಟಿಚಿಟಿ ಸದ್ದು ಬರುತ್ತದೆ. ಯಾವ ಮೈಕಾದರೂ ಗಾಳಿಯಾಡದ ಡಬ್ಬದಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಇಡಿ. ಬಣ್ಣ ಬದಲಾಗುವ ಜಾತಿಯ ಜೆಲ್ ಕೊಂಡರೆ ಯಾವಾಗ ಒಣಗಿಸಬೇಕೆಂದು ಗೊತ್ತಾಗುತ್ತದೆ.

ಬಾಯಿಗೂ ಮೈಕಿಗೂ ಒಂದು ಗೇಣು ಅಂತರ. ಮೈಕು ನೇರ ಬಾಯಿಯ ಎದುರು ಬೇಡ, ತುಸು ಓರೆಯಾಗಿರಲಿ. ಇಲ್ಲದಿದ್ದರೆ ‘ಪ’, ‘ಫ’, ‘ಭ’ ಬಂದಾಗಲೆಲ್ಲ ಉಸಿರು ಬಡಿಯುತ್ತದೆ. ಇಬ್ಬರಿಗೆ ಎರಡು ಮೈಕು, ಎದುರುಬದುರು. ಒಂದು ಮೈಕಿನಿಂದ ಇನ್ನೊಂದಕ್ಕಿರುವ ದೂರ, ಬಾಯಿಂದ ಮೈಕಿಗಿರುವ ದೂರದ ಮೂರು ಪಟ್ಟಾದರೂ ಇರಬೇಕು. ಕಡಿಮೆಯಾದರೆ ಒಬ್ಬರ ಧ್ವನಿ ಎರಡೂ ಮೈಕಿಗೆ ತುಸು ಹಿಂದುಮುಂದಾಗಿ ತಲುಪಿ, ಸೇರಿಸಿದಾಗ ಟೊಳ್ಳಾಗುತ್ತದೆ. 48 ಕಿಲೋಹರ್ಟ್ಸ್, 24 ಬಿಟ್, ವೇವ್ ಕಡತ, ಪ್ರತಿ ಮೈಕಿಗೆ ಪ್ರತ್ಯೇಕ ಮೋನೊ ಟ್ರ್ಯಾಕ್. ಎರಡು ಟ್ರ್ಯಾಕಿಗೆ ಗಂಟೆಗೆ ಸುಮಾರು 1 ಜಿಬಿ ಜಾಗ ಬೇಕು. ಸಹಜ ಮಾತಿನ ಏರು ಮುದ್ರಣದ ಮೀಟರಿನಲ್ಲಿ ಮೈನಸ್ 12 ಡೆಸಿಬೆಲ್ ಸುತ್ತ ನಿಲ್ಲಲಿ, ನಕ್ಕಾಗ ಮೈನಸ್ 6 ಮುಟ್ಟಿದರೂ ಚಿಂತೆಯಿಲ್ಲ. ಸೊನ್ನೆ ಮುಟ್ಟಿದ ಧ್ವನಿ ಒಡೆಯುತ್ತದೆ, ಅದನ್ನು ಆಮೇಲೆ ಸರಿಮಾಡುವುದು ಆಗದ ಕೆಲಸ.

ಧ್ವನಿಮುದ್ರಣದ ದಿನ

ಅತಿಥಿಗಳು ಬಂದ ಕೂಡಲೇ ಬೆಲ್ಲ ನೀರು ಕೊಡುವ ಮರ್ಯಾದೆಯನ್ನು ಅರ್ಧ ಗಂಟೆ ಮುಂದೂಡಿ. ಸಿಹಿ ಮತ್ತು ಹಾಲು ಬಾಯಿಯನ್ನು ಅಂಟು ಮಾಡುತ್ತವೆ, ಮಾತಿನ ನಡುವೆ ನಾಲಗೆಯ ಟಿಕ್ ಟಿಕ್ ಸದ್ದು ಬರುತ್ತದೆ. ಉಗುರು ಬೆಚ್ಚನೆಯ ನೀರು ಸಾಕು. ಬಳೆ, ಪೆನ್ನಿನ ಕ್ಲಿಕ್, ಕಿರುಗುಡುವ ಕುರ್ಚಿ ಇವನ್ನು ಮೊದಲೇ ನೋಡಿಕೊಳ್ಳಿ.

ಮೊದಲು ವಾಚನ ಮುದ್ರಿಸಬೇಡಿ, ಮಾತುಕತೆಯಿಂದ ಆರಂಭಿಸಿ. ಆಡುಮಾತಿಗೆ ಧ್ವನಿ ಹೊಂದಿಕೊಂಡ ಮೇಲೆ ಓದಿಸಿದರೆ ಅದು ಸಹಜವಾಗಿರುತ್ತದೆ. ವೇದಿಕೆಯ ಅಭ್ಯಾಸವಿರುವ ಲೇಖಕರು, ಅದರಲ್ಲೂ ಕವಿಗಳು ಮತ್ತು ತಾಳಮದ್ದಳೆಯಲ್ಲಿ ಪಾತ್ರದ ಮಾತಾಡುವ ಅರ್ಥಧಾರಿಗಳು, ಕೊನೆಯ ಸಾಲಿನ ಪ್ರೇಕ್ಷಕನಿಗೆ ಕೇಳಿಸುವಂತೆ ಓದುತ್ತಾರೆ. “ನಿಧಾನ ಓದಿ” ಎಂದರೆ ಎರಡು ಸಾಲಿಗೆ ಮಾತ್ರ ನಿಧಾನವಾಗುತ್ತದೆ. “ಎದುರು ಕೂತ ನನಗೊಬ್ಬಳಿಗೆ ಹೇಳಿ, ಸಾರ್” ಎಂದರೆ ಧ್ವನಿ ತಾನಾಗಿ ಇಳಿಯುತ್ತದೆ. ಒಂದು ಭಾಗವನ್ನು ಲೇಖಕರೇ ಆರಿಸಲಿ, ಇನ್ನೊಂದನ್ನು ನೀವು. ಎರಡೂ ಒಂದೇ ಆದರೆ ಆಯ್ಕೆ ಸರಿಯಾಗಿದೆ ಎಂದರ್ಥ.

ಅತಿಥಿಗಳು ಮಾತಾಡುವಾಗ “ಹ್ಞಾಂ, ಹೌದು ಹೌದು” ಎನ್ನಬೇಡಿ. ಎದುರಿಗಿದ್ದಾಗ ಅದು ಸೌಜನ್ಯ, ರೇಡಿಯೊದಲ್ಲಿ ಕಿರಿಕಿರಿ. ಮಾತಿನ ಮೇಲೆ ಬಿದ್ದರೆ ಕತ್ತರಿಸಲೂ ಆಗುವುದಿಲ್ಲ. ತಲೆಯಾಡಿಸಿ, ಕಣ್ಣಲ್ಲಿ ಕಣ್ಣಿಡಿ. ತಪ್ಪಿದರೆ ಇಡೀ ಉತ್ತರವನ್ನು ಮತ್ತೆ ಹೇಳಿಸದೆ, ವಾಕ್ಯದ ಆರಂಭದಿಂದ ಹೇಳಿಸಿ. ಪ್ರತಿ ತಪ್ಪಿನ ಕಡೆ ಒಮ್ಮೆ ಚಪ್ಪಾಳೆ ತಟ್ಟಿದರೆ ಎಡಿಟಿಂಗ್‌ನಲ್ಲಿ ಆ ಜಾಗ ಕಣ್ಣಿಗೇ ಕಾಣುತ್ತದೆ. ಮುಗಿದ ಮೇಲೆ ಎಲ್ಲರೂ ಸುಮ್ಮನೆ ಕೂತು ಬರಿ ಕೋಣೆಯ ಸದ್ದನ್ನು 30 ಸೆಕೆಂಡು ಮುದ್ರಿಸಿ. ಕತ್ತರಿಸಿದ ಸಂದುಗಳನ್ನು ಮುಚ್ಚಲು ಇದೇ ಬೇಕು. ಪೂರ್ಣ ಮೌನದಿಂದ ಮುಚ್ಚಿದರೆ ಮಾತು ಗುಂಡಿಗೆ ಬಿದ್ದಂತೆ ಕೇಳುತ್ತದೆ.

ಲೇಖಕರು ಮುಂಬಯಿಯಲ್ಲೋ ಕೊಲ್ಲಿಯಲ್ಲೋ ಇದ್ದರೆ

ಕರಾವಳಿಯ ಎಷ್ಟೋ ಲೇಖಕರು ಮುಂಬಯಿಯಲ್ಲಿ ಕೂತು ಬರೆಯುತ್ತಾರೆ. ಫೋನು ಕರೆಯನ್ನೇ ಮುದ್ರಿಸಿದರೆ ಅರ್ಧ ಗಂಟೆ ಕೇಳುವುದು ಹಿಂಸೆ. ಕರೆಯಲ್ಲಿ ಮಾತಾಡುತ್ತಲೇ ಲೇಖಕರು ತಮ್ಮ ಬಳಿಯ ಇನ್ನೊಂದು ಮೊಬೈಲಿನಲ್ಲಿ ತಮ್ಮ ಧ್ವನಿ ಮುದ್ರಿಸಲಿ, ನಿಮ್ಮದನ್ನು ನೀವು ಮುದ್ರಿಸಿ. ಅವರು ಕರೆಯನ್ನು ಇಯರ್‌ಫೋನಿನಲ್ಲೇ ಕೇಳಬೇಕು, ಸ್ಪೀಕರಿನಲ್ಲಿ ಕೇಳಿದರೆ ನಿಮ್ಮ ಧ್ವನಿಯೂ ಅವರ ಟ್ರ್ಯಾಕಿಗೆ ಸೇರುತ್ತದೆ. ಮುದ್ರಿಸುವ ಮೊಬೈಲು ನಾಲ್ಕೈದು ಪುಸ್ತಕಗಳ ಮೇಲೆ, ಗಲ್ಲದ ಎತ್ತರಕ್ಕೆ, ಒಂದು ಗೇಣು ದೂರದಲ್ಲಿರಲಿ. ಆರಂಭದಲ್ಲಿ “ಒಂದು, ಎರಡು, ಮೂರು” ಎಂದು ಇಬ್ಬರೂ ಒಟ್ಟಿಗೆ ಚಪ್ಪಾಳೆ ತಟ್ಟಿ, ಎರಡು ಟ್ರ್ಯಾಕ್ ಹೊಂದಿಸಲು ಅದೇ ಗುರುತು. ಮುಗಿದ ಮೇಲೆ ಕಡತವನ್ನು ವಾಟ್ಸ್ಆ್ಯಪ್‌ನಲ್ಲಿ ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ. ವಾಯ್ಸ್ ಮೆಸೇಜಾಗಿ ಕಳಿಸಿದರೆ ಧ್ವನಿ ಹಿಂಡಿಹೋಗಿರುತ್ತದೆ.

ಎಡಿಟಿಂಗ್

50 ನಿಮಿಷ ಮುದ್ರಿಸಿ 17 ನಿಮಿಷದ ಮಾತುಕತೆ ತೆಗೆಯುವುದು ಹದವಾದ ಪ್ರಮಾಣ. ಎರಡು ಗಂಟೆ ಮುದ್ರಿಸಿದವರು ಎಡಿಟಿಂಗ್‌ನಲ್ಲಿ ಕಳೆದುಹೋಗುತ್ತಾರೆ. ಆಡಾಸಿಟಿ ಎಂಬ ಧ್ವನಿ ಎಡಿಟಿಂಗ್ ತಂತ್ರಾಂಶ ಉಚಿತವಾಗಿ ಸಿಗುತ್ತದೆ, ಈ ಕೆಲಸಕ್ಕೆ ಸಾಕು. ಮೊದಲ ಸುತ್ತಿನಲ್ಲಿ ಕಾಗದ ಹಿಡಿದು ಕೇಳಿ, ಉಳಿಸಬೇಕಾದ್ದರ ಸಮಯ ಬರೆಯಿರಿ. ಎರಡನೇ ಸುತ್ತಿನಲ್ಲಿ ದೊಡ್ಡ ತುಂಡುಗಳನ್ನು ತೆಗೆಯಿರಿ. ತೊದಲು, ‘ಅಂದ್ರೆ’, ‘ಅಲ್ವಾ’ಗಳ ಸರದಿ ಕೊನೆಗೆ, ಅದೂ ಮೂರರಲ್ಲಿ ಒಂದನ್ನು ಬಿಟ್ಟು. ಎಲ್ಲ ತೆಗೆದರೆ ಯಂತ್ರ ಮಾತಾಡಿದಂತಾಗುತ್ತದೆ. ಉಸಿರನ್ನು ಅರ್ಧಕ್ಕೆ ಕತ್ತರಿಸಬೇಡಿ: ಪೂರ್ತಿ ಇರಲಿ, ಇಲ್ಲವೇ ಪೂರ್ತಿ ಹೋಗಲಿ. ಪ್ರತಿ ಸಂದಿಗೆ 10ರಿಂದ 20 ಮಿಲಿಸೆಕೆಂಡಿನ ಕ್ರಾಸ್‌ಫೇಡ್ (ಒಂದು ತುಣುಕು ಇಳಿಯುತ್ತ ಇನ್ನೊಂದು ಏರುವ ಜೋಡಣೆ) ಕೊಟ್ಟರೆ ‘ಟಕ್’ ಸದ್ದು ಬರುವುದಿಲ್ಲ. ಅತಿಥಿಗಳು ಷರತ್ತು ಹಾಕಿ ಹೇಳಿದ ಮಾತಿನಿಂದ ಷರತ್ತನ್ನು ಮಾತ್ರ ಕತ್ತರಿಸುವುದು ಮೋಸ. ಸಮಯ ಸಾಲದಿದ್ದರೆ ಇಡೀ ಮಾತನ್ನೇ ಬಿಡಿ.

80 ಹರ್ಟ್ಸ್‌ಗಿಂತ ಕೆಳಗಿನ ಆವರ್ತನದ ಸದ್ದನ್ನು ಸೋಸಿ ತೆಗೆಯಿರಿ. ದೂರದ ಲಾರಿಯ ಗುಡುಗುಡು ಅಲ್ಲಿರುತ್ತದೆ. ಗದ್ದಲ ಕಡಿಮೆ ಮಾಡುವ ಸಾಧನವನ್ನು 6ರಿಂದ 9 ಡೆಸಿಬೆಲ್‌ಗಿಂತ ಹೆಚ್ಚು ಒತ್ತಿದರೆ ಧ್ವನಿ ನೀರಿನಡಿಯಿಂದ ಬಂದಂತಾಗುತ್ತದೆ. ಕೊನೆಯ ಸದ್ದಿನ ಮಟ್ಟ ಪಾಡ್‌ಕಾಸ್ಟಿಗೆ ಸುಮಾರು ಮೈನಸ್ 16 ಎಲ್‌ಯುಎಫ್‌ಎಸ್ (ಕಿವಿಗೆ ಕೇಳುವ ಗಟ್ಟಿತನದ ಅಳತೆ). ನಿಲಯಕ್ಕಾದರೆ ಅವರು ಹೇಳಿದಷ್ಟು. ಒಮ್ಮೆ ಹೆಡ್‌ಫೋನಿನಲ್ಲಿ, ಇನ್ನೊಮ್ಮೆ ಮೊಬೈಲಿನ ಸ್ಪೀಕರಿನಲ್ಲಿ, ಪಕ್ಕದಲ್ಲಿ ಮಿಕ್ಸಿ ಓಡುತ್ತಿರುವಾಗ ಕೇಳಿ. ಕೇಳುಗರು ಕೇಳುವುದು ಹಾಗೆಯೇ.

ಕಳಿಸುವಾಗ

ಮುಕ್ತಾಯದಲ್ಲಿ ಪುಸ್ತಕದ ಹೆಸರು, ಲೇಖಕರು, ಪ್ರಕಾಶಕರು, ಸಿಗುವ ಜಾಗ ಇವನ್ನು ಎರಡು ಸಲ ಹೇಳಿ. ಬರೆದುಕೊಳ್ಳುವವರಿಗೆ ಪೆನ್ನು ಹುಡುಕಲು ಒಂದು ಸಲ ಬೇಕು. ಫೋನು ಸಂಖ್ಯೆಗೆ ಅನುಮತಿ ಇದ್ದರೆ ಎರಡೆರಡು ಅಂಕೆಯಾಗಿ ಬಿಡಿಸಿ ಹೇಳಿ.

ಕಡತದ ಹೆಸರು ಇಂಗ್ಲಿಷ್ ಅಕ್ಷರದಲ್ಲಿ, ಪ್ರಸಾರದ ದಿನಾಂಕದಿಂದ ಶುರುವಾಗಲಿ; ಕನ್ನಡ ಅಕ್ಷರದ ಹೆಸರನ್ನು ನಿಲಯಗಳ ಹಳೆಯ ಪ್ರಸಾರ ತಂತ್ರಾಂಶಗಳು ಪ್ರಶ್ನಾರ್ಥಕ ಚಿಹ್ನೆಗಳಾಗಿ ತೋರಿಸುತ್ತವೆ. ಜೊತೆಗೆ ಕ್ಯೂ ಶೀಟ್: ಒಟ್ಟು ಅವಧಿ, ಮೊದಲ ಮಾತು, ಕೊನೆಯ ಮಾತು, ಭಾಗವಹಿಸಿದವರ ಹೆಸರು, ಓದಿದ ಭಾಗದ ಪುಟ ಸಂಖ್ಯೆ, ಸಂಗೀತದ ವಿವರ. ಕೊನೆಯ ಮಾತು ಬರೆಯದಿದ್ದರೆ ಉದ್ಘೋಷಕರು ಅತಿಥಿಗಳ ಒಂದು ವಿರಾಮವನ್ನೇ ಮುಕ್ತಾಯ ಎಂದು ತಿಳಿದು ಮೈಕು ತೆರೆದುಬಿಡಬಹುದು. ಸಮುದಾಯ ಬಾನುಲಿಗಳು ಪ್ರಸಾರವಾದದ್ದನ್ನು ಮೂರು ತಿಂಗಳು ಕಾಯ್ದಿಡಬೇಕೆಂಬ ನಿಯಮವಿದೆ, ಆಮೇಲೆ ಅಳಿಸಿಹೋಗಲೂಬಹುದು. ಆದ್ದರಿಂದ ಕತ್ತರಿಸದ ಮೂಲ ಮುದ್ರಿಕೆ ಮತ್ತು ಒಪ್ಪಿಗೆ ಪತ್ರದ ಸ್ಕ್ಯಾನು ಎರಡನ್ನೂ ಬೇರೆ ಬೇರೆ ಎರಡು ಹಾರ್ಡ್ ಡಿಸ್ಕಿನಲ್ಲಿ, ಸಾಧ್ಯವಾದರೆ ಬೇರೆ ಬೇರೆ ಮನೆಯಲ್ಲಿ ಇಡಿ. ಪ್ರಸಾರದ ದಿನಾಂಕ ಮತ್ತು ಸಮಯವನ್ನು ಲೇಖಕರಿಗೆ ಎರಡು ದಿನ ಮೊದಲು ತಿಳಿಸಿ. ಒಂದು ವಾರ ಮೊದಲು ತಿಳಿಸಿದರೆ ಮರೆಯುತ್ತಾರೆ, ಅದೇ ದಿನ ತಿಳಿಸಿದರೆ ಊರಿಗೆಲ್ಲ ಹೇಳಲು ಆಗಲಿಲ್ಲವೆಂದು ಬೇಸರಪಡುತ್ತಾರೆ.